ಒಮ್ಮೆ ಓಡ್ತದ, ಒಮ್ಮೆ ಬಂದ್ ಬೀಳ್ತದ: ಹಳೆ ಬೈಕಿನ ತಕರಾರು ಹುಡುಕುವ ಬಗೆ

ನನ್ನ ಗಾಡಿ 2004ರದ್ದು, 100 ಸಿಸಿ ಫೋರ್‌ಸ್ಟ್ರೋಕ್. ಅಪ್ಪ ತೊಗೊಂಡಿದ್ದು, ಈಗ ನನ್ನ ಪಾಲಿಗೆ ಬಂದಿದೆ. ಮನೆ ಕಲಬುರಗಿಯಲ್ಲಿ, ಕೆಲಸ ಮಳಖೇಡದಲ್ಲಿ. ಸೇಡಂ ರಸ್ತೆಯಲ್ಲಿ ಒಂದು ಕಡೆಗೆ ಹೆಚ್ಚುಕಡಿಮೆ 40 ಕಿ.ಮೀ. ಹೋದ ಏಪ್ರಿಲ್‌ನಲ್ಲಿ ಗಾಡಿಗೆ ಒಂದು ಚಾಳಿ ಹತ್ತಿತು. ಓಡುತ್ತಾ ಓಡುತ್ತಾ ಎರಡು ಮೂರು ಸಲ ಜರ್ಕ್ ಹೊಡೆಯುತ್ತಿತ್ತು, ಪಿಕಪ್ ಬಿಡುತ್ತಿತ್ತು, ಆಮೇಲೆ ಬಂದ್ ಬೀಳುತ್ತಿತ್ತು. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಲ್ಲ ಅನ್ನುವ ಹಾಗೆ ಎದ್ದು ಓಡುತ್ತಿತ್ತು. ಮಿಸ್ತ್ರಿ ಹತ್ತಿರ ಒಯ್ದ ದಿನ ಮಾತ್ರ ಒಂದು ಜರ್ಕೂ ಇಲ್ಲ. ಅವರು ಒಂದು ರೌಂಡ್ ಹೊಡೆದು ಬಂದು "ಏನೂ ಇಲ್ಲಲ್ರೀ, ಛಲೋ ಅದ" ಅಂದರು.

"ದಾರ್ಯಾಗ ಬಂದ್ ಬೀಳ್ತದ ಭಾಯ್."

"ಹಂಗಾದ್ರ ಕಾಯಿಲ್ ಇರ್ಬೇಕ್ರಿ. ಬಿಸಿಲಿಗಿ ಕಾಯಿಲ್ ಹೋಗ್ತಾವ."

ನಂಬುವಂಥ ಮಾತೇ. ನಮ್ಮಲ್ಲಿ ಏಪ್ರಿಲ್, ಮೇ ಅಂದರೆ 42 ಡಿಗ್ರಿ ದೊಡ್ಡ ಸುದ್ದಿಯೇ ಅಲ್ಲ. ಪ್ಲಗ್‌ನ ಕಿಡಿಗೆ ಜೋರು ಕರೆಂಟ್ ಕೊಡುವ ಆ ಕಾಯಿಲ್ ಹೊಸದು ಹಾಕಿಸಿದೆ. ನಾಲ್ಕು ದಿನ ಸುಮ್ಮನಿತ್ತು, ಐದನೇ ದಿನ ಮತ್ತೆ ನಿಂತಿತು. ಪ್ಲಗ್ ಬದಲಿಸಿದೆ. ಆಮೇಲೆ ಸಿಡಿಐ (ಕಿಡಿ ಯಾವಾಗ ಹೊಡೆಯಬೇಕು ಅಂತ ನೋಡಿಕೊಳ್ಳುವ ಡಬ್ಬಿ) ಬದಲಿಸಿದೆ. ಕೊನೆಗೆ ತಪ್ಪು ಸಿಕ್ಕಿದ್ದು ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ. ಟ್ಯಾಂಕಿನ ಒಳಗೆ ಗಾಳಿ ಬಿಡುವ ಸೂಜಿ ಮೊನೆಯಷ್ಟು ತೂತು, ಅದು ಕಟ್ಟಿಕೊಂಡಿತ್ತು. ಅದಕ್ಕೆ ಖರ್ಚು ಒಂದು ರೂಪಾಯಿಯೂ ಇಲ್ಲ.

ಕೆಳಗೆ ಬರೆದಿರುವುದು ಕಾರ್ಬೊರೇಟರ್ (ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್‌ಗೆ ಕಳಿಸುವ ಭಾಗ) ಇರುವ ಹಳೆ ಫೋರ್‌ಸ್ಟ್ರೋಕ್ ಗಾಡಿಗಳಿಗೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲಿನ ಹೆಚ್ಚಿನ ಬೈಕುಗಳಲ್ಲಿ ಫ್ಯುಯೆಲ್ ಇಂಜೆಕ್ಷನ್ ಇರುತ್ತದೆ. ಅವುಗಳ ದಾರಿ ಬೇರೆ.

ಮೊದಲು ಚೀಟಿ, ಆಮೇಲೆ ಪಾನಾ

ಬಂದು ಹೋಗುವ ತಕರಾರಿಗೆ ಪಾನಾ ಹಿಡಿದು ಕೂತರೆ ಏನೂ ಸಿಗುವುದಿಲ್ಲ. ಗಾಡಿ ಯಾವಾಗ ಕೆಡುತ್ತದೆ ಅನ್ನುವುದು ಗೊತ್ತಾಗದೆ ಏನು ಕೆಟ್ಟಿದೆ ಅನ್ನುವುದು ಗೊತ್ತಾಗುವುದಿಲ್ಲ. ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ಗಾಡಿ ನಿಂತಾಗೆಲ್ಲ ಐದಾರು ವಿಷಯ ಬರೆಯಿರಿ: ಹೊರಟ ಮೇಲೆ ಎಷ್ಟು ಕಿಲೋಮೀಟರಿಗೆ ನಿಂತಿತು, ಗಂಟೆ ಎಷ್ಟು, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು, ಎಕ್ಸಲೇಟರ್ ಎಷ್ಟು ತಿರುವಿದ್ದಿರಿ, ಹೇಗೆ ನಿಂತಿತು, ಹೇಗೆ ಮತ್ತೆ ಎದ್ದಿತು.

'ಹೇಗೆ ನಿಂತಿತು' ಅನ್ನುವುದೇ ಅರ್ಧ ಉತ್ತರ. ಕರೆಂಟ್ ಹೋದಾಗ ಬಲ್ಬ್ ಆರುವ ಹಾಗೆ ಟಕ್ಕಂತ ನಿಂತರೆ ಸ್ಪಾರ್ಕ್ ಕಡೆ ನೋಡಬೇಕು. ತೇಕುತ್ತಾ, ಜರ್ಕ್ ಹೊಡೆಯುತ್ತಾ, ನಿಧಾನಕ್ಕೆ ಸತ್ತರೆ ಪೆಟ್ರೋಲ್ ಕಡೆ. ಇದು ನೂರಕ್ಕೆ ನೂರು ಅಲ್ಲ, ಸಾಯುತ್ತಿರುವ ಕಾಯಿಲ್ ಕೂಡ ಕೆಲವೊಮ್ಮೆ ತೇಕಿಸುತ್ತದೆ. ಅದಕ್ಕೇ ಇನ್ನೊಂದು ಪರೀಕ್ಷೆ: ಗಾಡಿ ತೇಕಲು ಶುರು ಮಾಡಿದ ಕೂಡಲೇ, ರಸ್ತೆ ಖಾಲಿ ಇದ್ದರೆ, ಚೋಕ್ (ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚಿಸುವ ಹಿಡಿ) ಎಳೆಯಿರಿ. ಐದಾರು ಸೆಕೆಂಡ್ ಜೀವ ಬಂದ ಹಾಗೆ ಮಾಡಿದರೆ ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. ಇನ್ನೂ ಜಾಸ್ತಿ ಉಸಿರುಕಟ್ಟಿದರೆ ಪೆಟ್ರೋಲ್ ಈಗಾಗಲೇ ಹೆಚ್ಚಾಗಿದೆ, ಅಥವಾ ತಪ್ಪು ಬೇರೆ ಕಡೆ ಇದೆ.

ನನ್ನ ಚೀಟಿಯಲ್ಲಿ ಹತ್ತು ದಿನಕ್ಕೆ ಆರು ಸಲ ಬಂದ್ ಬಿದ್ದ ಲೆಕ್ಕ ಇತ್ತು. ಆರರಲ್ಲಿ ಐದು ಸಂಜೆ ವಾಪಸ್ ಬರುವಾಗ. ಅದರಲ್ಲೂ ನಾಲ್ಕು ಸಲ ಪೆಟ್ರೋಲ್ ತುಂಬಿಸಿದ ದಿನವೇ. ಮಧ್ಯಾಹ್ನ ಎರಡಕ್ಕೆ ಸುಡು ಬಿಸಿಲಲ್ಲಿ ಊಟಕ್ಕೆ ಹೋಗಿ ಬಂದಾಗ ಒಂದು ಸಲವೂ ಇಲ್ಲ. ಬಿಸಿಲಿಗೆ ಕಾಯಿಲ್ ಸಾಯುವುದಾದರೆ ಎರಡು ಗಂಟೆಗೆ ಸಾಯಬೇಕು, ಅಲ್ವಾ? ಸಂಜೆ ಏಳಕ್ಕೆ ತಂಪಾದ ಮೇಲೆ ಯಾಕೆ ಸಾಯುತ್ತದೆ? ಚೀಟಿ ಬರೆಯುವ ಮೊದಲು ಈ ಪ್ರಶ್ನೆಯೇ ನನಗೆ ಹೊಳೆದಿರಲಿಲ್ಲ. ನೆನಪಿನಲ್ಲಿ ಎಲ್ಲವೂ 'ಬಿಸಿಲಲ್ಲಿ ನಿಲ್ತದ' ಅಂತಲೇ ಉಳಿದಿತ್ತು.

ಬಂದ್ ಬಿದ್ದ ಎರಡು ನಿಮಿಷ

ಗಾಡಿ ನಿಂತ ಮೇಲಿನ ಎರಡು ನಿಮಿಷಕ್ಕೆ ಬೆಲೆ ಜಾಸ್ತಿ. ಆ ಹೊತ್ತಿಗೆ ತಪ್ಪು ಇನ್ನೂ ಅಲ್ಲೇ ಇರುತ್ತದೆ. ನಾವು ಮಾಡುವುದೇನು? ಬೈಯುತ್ತಾ ಕಿಕ್ ಹೊಡೆಯುತ್ತೇವೆ, ಇಲ್ಲ ಬೇವಿನ ಮರದ ಕೆಳಗೆ ನಿಂತು ನೀರು ಕುಡಿಯುತ್ತೇವೆ. ಅಷ್ಟರಲ್ಲಿ ತಪ್ಪು ಮಾಯ.

ಅದರ ಬದಲು ಹೀಗೆ ಮಾಡಿ. ಟ್ಯಾಂಕಿನ ಮುಚ್ಚಳ ಮುಟ್ಟಬೇಡಿ. ಕಾರ್ಬೊರೇಟರ್‌ನ ತಳದ ಬಟ್ಟಲಿಗೆ ಒಂದು ಡ್ರೈನ್ ಸ್ಕ್ರೂ ಇರುತ್ತದೆ. ಅದರ ಪೈಪಿನ ಕೆಳಗೆ ಒಂದು ಸಣ್ಣ ಬಾಟಲಿ ಹಿಡಿದು ಸ್ಕ್ರೂ ಸಡಿಲ ಮಾಡಿ. ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಆನ್‌ನಲ್ಲೇ ಇರಲಿ. ಎಂಜಿನ್ ಬಿಸಿ ಇರುತ್ತದೆ, ಪೆಟ್ರೋಲ್ ಅದರ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ಬೀಡಿ ಹಚ್ಚಿಕೊಂಡು ನೋಡಲು ಬರುವವರನ್ನು ದೂರ ಕಳಿಸಿ.

ಪೆಟ್ರೋಲ್ ಧಾರೆ ಕಟ್ಟಿ ಒಂದೇ ಸಮ ಬಂದರೆ ಪೆಟ್ರೋಲ್ ಬರುವ ದಾರಿ ಸರಿ ಇದೆ. ತೊಟ್ಟು ತೊಟ್ಟಾಗಿ ಬಂದರೆ, ಅಥವಾ ಸ್ವಲ್ಪ ಬಂದು ನಿಂತರೆ, ಈಗ ಮುಚ್ಚಳ ತೆರೆಯಿರಿ. ಸುಂಯ್ ಅಂತ ಗಾಳಿ ಒಳಗೆ ಹೋದ ಸದ್ದು ಬಂದು, ಧಾರೆ ಮತ್ತೆ ಶುರುವಾದರೆ ಕಳ್ಳ ಸಿಕ್ಕ. ಮುಚ್ಚಳದ ಗಾಳಿ ತೂತು ಮುಚ್ಚಿದೆ. ಮುಚ್ಚಳ ತೆರೆದರೂ ಧಾರೆ ಬರದಿದ್ದರೆ ತಪ್ಪು ಇನ್ನೂ ಕೆಳಗಿದೆ: ಕಾಕ್‌ನ ಜಾಳಿಗೆ ತುಕ್ಕು ಕಟ್ಟಿದೆ, ಪೈಪ್ ಮಡಚಿದೆ, ಅಥವಾ ಕಾರ್ಬೊರೇಟರ್‌ನ ಬಟ್ಟಲಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ಹತ್ತಿರ ಕಚ್ರಾ ಸಿಕ್ಕಿದೆ. ಪೈಪನ್ನು ಕಾರ್ಬೊರೇಟರ್ ಕಡೆಯಿಂದ ಬಿಚ್ಚಿ ಬಾಟಲಿಗೆ ಹಿಡಿದರೆ ತಪ್ಪು ಪೈಪಿನ ಮೇಲಿದೆಯೋ ಕೆಳಗಿದೆಯೋ ಅನ್ನುವುದೂ ಗೊತ್ತಾಗುತ್ತದೆ.

ಪೆಟ್ರೋಲ್ ಚೆನ್ನಾಗಿ ಬರುತ್ತಿದ್ದರೆ ಮಾತ್ರ ಸ್ಪಾರ್ಕ್ ನೋಡಿ. ಮೊದಲು ಸ್ಕ್ರೂ ಬಿಗಿ ಮಾಡಿ, ಚೆಲ್ಲಿದ್ದನ್ನು ಒರೆಸಿ, ಬಾಟಲಿ ಹತ್ತು ಹೆಜ್ಜೆ ದೂರ ಇಡಿ. ಸೀಟಿನ ಕೆಳಗೆ ಯಾವಾಗಲೂ ಒಂದು ಒಳ್ಳೆ ಪ್ಲಗ್ ಇರಲಿ. ಎಂಜಿನ್‌ನಲ್ಲಿರುವ ಪ್ಲಗ್ ಬಿಚ್ಚುವುದು ಬೇಡ. ಕ್ಯಾಪ್ ತೆಗೆದು ಈ ಪ್ಲಗ್‌ಗೆ ಹಾಕಿ, ಅದರ ಲೋಹದ ಮೈ ಎಂಜಿನ್ ಹೆಡ್‌ಗೆ ತಾಗಿಸಿ, ಕಿಕ್ ಹೊಡೆಯಿರಿ. ಚಟಚಟ ಸದ್ದಿನ ನೀಲಿ ಕಿಡಿ ಬಂದರೆ ಸರಿ. ಸಣ್ಣಗೆ ಹಳದಿ ಕಿಡಿ ಬಂದರೆ, ಅಥವಾ ಒಂದು ಕಿಕ್‌ಗೆ ಬಂದು ಇನ್ನೊಂದಕ್ಕೆ ಬರದಿದ್ದರೆ ಆಗ ಕಾಯಿಲ್ ಮಾತು ಆಡಬಹುದು. ಕ್ಯಾಪನ್ನು ಗಾಳಿಯಲ್ಲಿ ಬಿಟ್ಟು ಕಿಕ್ ಹೊಡೆಯಬೇಡಿ. ಕಿಡಿ ಹೋಗಲು ದಾರಿ ಇಲ್ಲದೆ ಕಾಯಿಲ್, ಸಿಡಿಐ ಒಳಗೇ ಹೊಡೆತ ತಿನ್ನುತ್ತವೆ.

ಮುಚ್ಚಳದ ಲೆಕ್ಕ

ಸಣ್ಣ ತೂತು ಇಷ್ಟೊಂದು ಆಟ ಆಡಿಸುತ್ತದಾ ಅಂತ ನನಗೂ ಅನ್ನಿಸಿತ್ತು. ಲೆಕ್ಕ ಹಾಕಿ ನೋಡಿದೆ. ಇಂಥ ಗಾಡಿಯಲ್ಲಿ ಪೆಟ್ರೋಲ್ ಪಂಪ್ ಇಲ್ಲ. ಟ್ಯಾಂಕ್ ಮೇಲಿದೆ, ಕಾರ್ಬೊರೇಟರ್ ಕೆಳಗಿದೆ, ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಆ ಎತ್ತರ ಸುಮಾರು ಒಂದು ಗೇಣು. ನಮ್ಮ ಸುತ್ತಲಿನ ಗಾಳಿಯ ಒತ್ತಡವನ್ನು ಪೆಟ್ರೋಲ್ ಕಂಬದಲ್ಲಿ ಅಳೆದರೆ 13 ಮೀಟರ್ ದಾಟುತ್ತದೆ. ಅದರ ಮುಂದೆ ಒಂದು ಗೇಣು ಅಂದರೆ ಶೇ 2 ಕೂಡ ಇಲ್ಲ. ಅಂದರೆ ಟ್ಯಾಂಕಿನ ಒಳಗಿನ ಒತ್ತಡ ಹೊರಗಿಗಿಂತ ಶೇ 2ರಷ್ಟು ಇಳಿದರೆ ಸಾಕು, ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ.

ಟ್ಯಾಂಕಿನಲ್ಲಿ ಐದು ಲೀಟರ್ ಜಾಗ ಖಾಲಿ ಇದೆ ಅಂದುಕೊಳ್ಳಿ. ಗಾಳಿ ಒಳಗೆ ಬರದೆ ನೂರು ಮಿಲಿ ಪೆಟ್ರೋಲ್ ಕೆಳಗೆ ಹೋದರೆ ಆ ಶೇ 2 ಮುಗಿಯಿತು. ಲೀಟರಿಗೆ 60 ಕಿ.ಮೀ. ಕೊಡುವ ಗಾಡಿಗೆ ಅದು ಆರು ಕಿಲೋಮೀಟರ್. ಟ್ಯಾಂಕ್ ತುಂಬಿದ್ದು ಒಂದೇ ಲೀಟರ್ ಜಾಗ ಖಾಲಿ ಇದ್ದರೆ? ಇಪ್ಪತ್ತು ಮಿಲಿ, ಒಂದು ಕಿಲೋಮೀಟರ್ ಮೇಲೆ ಸ್ವಲ್ಪ. ಪೆಟ್ರೋಲ್ ತುಂಬಿಸಿದ ದಿನವೇ ಗಾಡಿ ಯಾಕೆ ಕೈಕೊಡುತ್ತಿತ್ತು ಅನ್ನುವುದು ಇಲ್ಲಿ ಬಿಡಿಸಿತು. ನಾನು ಆ ಬಂಕಿನ ಪೆಟ್ರೋಲ್ ಮೇಲೆ ಅನುಮಾನಪಟ್ಟು ಎರಡು ವಾರ ಬೇರೆ ಬಂಕಿಗೆ ಹೋಗಿದ್ದೆ!

ಇದು ಕಾಗದದ ಲೆಕ್ಕ. ನಿಜದಲ್ಲಿ ತೂತು ಪೂರ್ತಿ ಮುಚ್ಚಿರುವುದಿಲ್ಲ, ಸ್ವಲ್ಪ ಸ್ವಲ್ಪ ಗಾಳಿ ನುಸುಳುತ್ತದೆ, ದೂರ ಹೆಚ್ಚಾಗುತ್ತದೆ. ಇನ್ನೊಂದು ವಿಷಯ ಬಿಸಿಲು. ಬಿಸಿಲಿಗೆ ಟ್ಯಾಂಕ್ ಕಾದರೆ ಒಳಗೆ ಪೆಟ್ರೋಲ್ ಆವಿಯಾಗುತ್ತದೆ, ಒತ್ತಡ ಏರುತ್ತದೆ. ಅದೇ ಪೆಟ್ರೋಲನ್ನು ಕೆಳಗೆ ತಳ್ಳುತ್ತದೆ. ಹಾಗಾಗಿ ಮಧ್ಯಾಹ್ನ ಗಾಡಿ ಗುಂಡಿನ ಹಾಗೆ ಓಡುತ್ತಿತ್ತು. ಸಂಜೆ ಟ್ಯಾಂಕ್ ತಣ್ಣಗಾಗುತ್ತಾ ಬಂದರೆ ಆವಿ ಮತ್ತೆ ಪೆಟ್ರೋಲ್ ಆಗುತ್ತದೆ, ಒಳಗೆ ಒತ್ತಡ ಇಳಿಯುತ್ತದೆ. ಹೊರಗಿನ ಗಾಳಿಗೆ ಒಳಗೆ ಬರಲು ದಾರಿ ಇಲ್ಲ. ಹತ್ತು ನಿಮಿಷ ನಿಂತರೆ ನುಸುಳಿದ ಗಾಳಿ ಸಾಕಾಗುತ್ತದೆ, ಗಾಡಿ ಏಳುತ್ತದೆ. ಬಿಸಿಯಾದ ಕಾಯಿಲ್ ತಣ್ಣಗಾಗಿ ಏಳುವುದೂ ಹೊರಗಿಂದ ನೋಡಿದರೆ ಹೀಗೇ ಇರುತ್ತದೆ. ಮಿಸ್ತ್ರಿಯನ್ನು ದೂರುವ ಹಾಗಿಲ್ಲ.

ಮುಚ್ಚಳ ಬಿಚ್ಚಿ ನೋಡಿದರೆ ಒಳಗಿನ ತಗಡಿನ ಕೆಳಗೆ ಬೂದು ಬಣ್ಣದ ಪದರ ಕಟ್ಟಿತ್ತು. ಸೇಡಂ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಇದು ಏನು ಅಂತ ಹೇಳಬೇಕಾಗಿಲ್ಲ. ಸಿಮೆಂಟ್ ಲಾರಿ, ಕಲ್ಲಿನ ಲಾರಿ, ಅವುಗಳ ಹಿಂದೆ ಏಳುವ ಧೂಳು. ಮೇಲಿಂದ ನಾನು ವಾರಕ್ಕೊಮ್ಮೆ ವಾಟರ್ ವಾಶ್ ಮಾಡಿಸುತ್ತಿದ್ದೆ. ಧೂಳು ನೀರು ಕುಡಿದು ಗೋಡೆಗೆ ಗಿಲಾಯಿ ಮಾಡಿದ ಹಾಗೆ ಗಟ್ಟಿಯಾಗಿತ್ತು. ಹಳೆ ಟೂತ್‌ಬ್ರಶ್, ಸಣ್ಣ ತಂತಿ, ಸೈಕಲ್ ಪಂಪಿನ ಗಾಳಿ, ಇಷ್ಟೇ ಸಾಕಾಯಿತು. ತಂತಿ ಹಾಕುವಾಗ ತೂತು ದೊಡ್ಡದು ಮಾಡಬೇಡಿ, ಪೆಟ್ರೋಲ್ ಚೆಲ್ಲುತ್ತದೆ, ಮಳೆ ನೀರು ಒಳಗೆ ಹೋಗುತ್ತದೆ. ದಾರಿಯಲ್ಲಿ ಸಿಕ್ಕಿಬಿದ್ದರೆ ಆಗಾಗ ನಿಲ್ಲಿಸಿ ಮುಚ್ಚಳ ತೆರೆದು ಹಾಕುತ್ತಾ ಮನೆ ಸೇರಬಹುದು. ಮುಚ್ಚಳ ಸಡಿಲ ಬಿಟ್ಟು ಓಡಿಸುವುದು ಮಾತ್ರ ಬೇಡ.

ಕಾರ್ಬೊರೇಟರ್‌ಗೂ ಇಂಥದ್ದೇ ಗಾಳಿ ಪೈಪ್ ಇರುತ್ತದೆ, ಅದನ್ನೂ ಊದಿ ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಈ ಪೈಪಿನ ಬಾಯಿ ಬಹಳ ಇಷ್ಟ. ತಿಂಗಳುಗಟ್ಟಲೆ ಅಂಗಳದಲ್ಲಿ ನಿಂತ ಗಾಡಿಯಾದರೆ ಇದನ್ನೇ ಮೊದಲು ನೋಡುವುದು ಒಳ್ಳೆಯದು.

ಕಾಯಿಲ್ ಮೇಲೆಯೇ ಅನುಮಾನ ಇದ್ದರೆ

ಕಾಯಿಲ್ ಕೆಡುವುದೇ ಇಲ್ಲ ಅಂತಲ್ಲ. ಇಪ್ಪತ್ತು ವರ್ಷದ ಕಾಯಿಲ್ ಒಳಗಿನ ತಂತಿಯ ಮೇಲಿನ ಲೇಪ ಬಿರುಕು ಬಿಟ್ಟಿರುತ್ತದೆ, ಬಿಸಿಗೆ ಕೈಕೊಡುತ್ತದೆ. ಆದರೆ ಹೊಸದು ಕೊಳ್ಳುವ ಮೊದಲು ಹಳೆಯದನ್ನು ಬೇಕಂತಲೇ ಬಿಸಿ ಮಾಡಿ ನೋಡಿ. ಎಕ್ಸಲೇಟರ್ ಮುಟ್ಟದೆ ಎಂಜಿನ್ ಸ್ಲೋದಲ್ಲಿ ಬಿಟ್ಟು, ಟ್ಯಾಂಕ್ ಹತ್ತಿರ ಪೆಟ್ರೋಲ್ ಸೋರಿಕೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಕೂದಲು ಒಣಗಿಸುವ ಡ್ರೈಯರ್ ಗಾಳಿಯನ್ನು ಕಾಯಿಲ್ ಮೇಲೆ ಹಿಡಿಯಿರಿ. ಮಿಸ್ ಹೊಡೆಯಲು ಶುರುವಾದರೆ ಒದ್ದೆ ಬಟ್ಟೆ ಇಟ್ಟು ತಣ್ಣಗೆ ಮಾಡಿ. ಸರಿಹೋದರೆ ಕಾಯಿಲ್ ಬದಲಿಸಿ. ಹೀಗೆ ತಪ್ಪನ್ನು ನಾವೇ ಕರೆದು ನಾವೇ ಕಳಿಸಲು ಆದರೆ ಮಾತ್ರ ಅಂಗಡಿಗೆ ಹೋಗುವುದು ಸರಿ. ಪ್ಲಗ್ ಕ್ಯಾಪನ್ನೂ ಮರೆಯಬೇಡಿ. ಅದು ಕಾಯಿಲ್‌ಗಿಂತ ಎಷ್ಟೋ ಅಗ್ಗ, ಕೆಡುವುದೂ ಬೇಗ.

ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಮಾತ್ರ ಬಂದ್ ಬೀಳುತ್ತದಾ? ಗುಂಡಿಗೆ ಇಳಿದಾಗ ಮಾತ್ರ? ಹಾಗಾದರೆ ಹ್ಯಾಂಡಲ್ ಕುತ್ತಿಗೆ ಹತ್ತಿರ ವೈರ್ ಸವೆದು ಗಾಡಿಯ ಲೋಹದ ಬಾಡಿಗೆ ತಾಗುತ್ತಿದೆ. ಹಳೆ 100 ಸಿಸಿ ಗಾಡಿಗಳಲ್ಲಿ ಹೆಚ್ಚಿನವು ಸ್ವಿಚ್‌ನಿಂದ ಆಫ್ ಆಗುವುದೇ ಒಂದು ವೈರನ್ನು ಬಾಡಿಗೆ ತಾಗಿಸಿ. ಆ ವೈರ್ ದಾರಿಯಲ್ಲಿ ಎಲ್ಲಾದರೂ ತಾಗಿದರೂ ಎಂಜಿನ್ ಆಫ್. ಗಾಡಿ ಸ್ಲೋದಲ್ಲಿ ನಿಲ್ಲಿಸಿ ಹ್ಯಾಂಡಲ್ ಎರಡೂ ಕಡೆ ತುದಿಯವರೆಗೆ ತಿರುಗಿಸಿ. ಸದ್ದು ಏರಿದರೆ ಎಕ್ಸಲೇಟರ್ ಕೇಬಲ್ ಎಳೆಯುತ್ತಿದೆ, ಆಫ್ ಆದರೆ ವೈರ್.

ಬ್ಯಾಟರಿ ಬಗ್ಗೆ ಒಂದೇ ಮಾತು: ಫ್ಯೂಸ್ ತೆಗೆದರೂ ಗಾಡಿ ಕಿಕ್‌ಗೆ ಸ್ಟಾರ್ಟ್ ಆಗಿ ಓಡಿದರೆ ನಿಮ್ಮ ಸ್ಪಾರ್ಕ್‌ಗೂ ಬ್ಯಾಟರಿಗೂ ಸಂಬಂಧ ಇಲ್ಲ. ಹಾರ್ನ್ ಸಣ್ಣಗೆ ಕೂಗುತ್ತದೆ ಅಂತ ಈ ತಕರಾರಿಗೆ ಬ್ಯಾಟರಿ ಹಾಕಿಸಬೇಡಿ.

ಆಮೇಲೂ ಉಳಿದ ಜರ್ಕ್

ಮುಚ್ಚಳ ಸರಿ ಮಾಡಿದ ಮೇಲೆ ಗಾಡಿ ಬಂದ್ ಬೀಳುವುದು ನಿಂತಿತು. ಆದರೆ ಒಂದು ಸಣ್ಣ ಎಳೆತ ಉಳಿದಿತ್ತು. 35-40 ಸ್ಪೀಡಿನಲ್ಲಿ ಒಂದೇ ಸಮ ಹೋಗುವಾಗ ಯಾರೋ ಹಿಂದಿನಿಂದ ಅಂಗಿ ಜಗ್ಗಿದ ಹಾಗೆ. ಸಿಗ್ನಲ್‌ನಲ್ಲಿ ಸ್ಲೋ ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಎಕ್ಸಲೇಟರ್ ಬಿಟ್ಟರೆ ಸೈಲೆನ್ಸರ್‌ನಲ್ಲಿ ಪಟ್ ಪಟ್. ಹಳೆ ಗಾಡಿಯಲ್ಲಿ ಎರಡು ತಪ್ಪು ಒಂದರ ಮೇಲೊಂದು ಕೂತಿರುವುದು ಮಾಮೂಲು. ಒಂದನ್ನು ತೆಗೆದ ಮೇಲೆಯೇ ಇನ್ನೊಂದರ ಮುಖ ಕಾಣುವುದು. ಅದಕ್ಕೇ ಒಂದು ಸಲಕ್ಕೆ ಒಂದೇ ಕೆಲಸ ಮಾಡಿ ಎರಡು ದಿನ ಓಡಿಸಿ ನೋಡಬೇಕು. ನಾಲ್ಕು ಸಾಮಾನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿ ಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಇಲ್ಲಿ ಎಕ್ಸಲೇಟರ್ ಎಷ್ಟು ತೆರೆದಾಗ ತಕರಾರು ಅನ್ನುವುದು ಮುಖ್ಯ. ಸ್ಪೀಡ್ ಎಷ್ಟು ಅನ್ನುವುದಲ್ಲ. ಗ್ರಿಪ್ ಮೇಲೆ ಒಂದು ಟೇಪ್ ಚೂರು ಅಂಟಿಸಿಕೊಂಡರೆ ಅಳತೆ ಸಿಗುತ್ತದೆ. ಬರೀ ಸ್ಲೋದಲ್ಲಿ ಮತ್ತು ಶುರುವಿನ ಎಂಟನೇ ಒಂದು ಭಾಗದಲ್ಲಿ ತಕರಾರಿದ್ದರೆ ಸ್ಲೋ ಜೆಟ್ (ಸ್ಲೋದಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತು), ಗಾಳಿ ಹೊಂದಿಸುವ ಏರ್ ಸ್ಕ್ರೂ, ಅಥವಾ ಎಲ್ಲೋ ಗಾಳಿ ಸೋರಿಕೆ. ಕಾಲು ಭಾಗದಿಂದ ಮುಕ್ಕಾಲಿನವರೆಗೆ ಅಂದರೆ ಎಕ್ಸಲೇಟರ್ ಜೊತೆ ಏರಿಳಿಯುವ ಸ್ಲೈಡಿನ ಸೂಜಿ. ಪೂರ್ತಿ ತಿರುವಿದಾಗ ಮಾತ್ರ ಸಾಯುತ್ತದೆ ಅಂದರೆ ಮೇನ್ ಜೆಟ್, ಇಲ್ಲ ಪೆಟ್ರೋಲ್ ಸಾಲುತ್ತಿಲ್ಲ.

ನನ್ನದು ಮೊದಲನೇ ಜಾತಿ. ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ಜೋಡಣೆಯ ಮೇಲೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಹೊಡೆದೆ. ಎಂಜಿನ್ ಸದ್ದು ತಕ್ಷಣ ಬದಲಾಯಿತು, ಅಂದರೆ ಗಾಳಿ ನುಸುಳುತ್ತಿದ್ದುದು ಅಲ್ಲೇ. ಕೆಲವರು ಇದಕ್ಕೆ ಪೆಟ್ರೋಲ್ ಹಾಕಿ ನೋಡುತ್ತಾರೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್! ನೀರು ಸಾಕು. ಬಿಚ್ಚಿದರೆ ಒಳಗಿನ ಓ ರಿಂಗ್ (ಸಂದಿನಲ್ಲಿ ಗಾಳಿ ತಡೆಯುವ ಬಳೆ) ರಬ್ಬರ್ ಅನ್ನುವ ಗುಣವನ್ನೇ ಮರೆತಿತ್ತು, ಉಗುರು ಊರಿದರೆ ಇಳಿಯುತ್ತಿರಲಿಲ್ಲ. ಬೋಲ್ಟ್ ಅತಿಯಾಗಿ ಬಿಗಿದು ಕಾರ್ಬೊರೇಟರ್‌ನ ಮುಖವೂ ಸ್ವಲ್ಪ ಬಾಗಿತ್ತು. ಗಾಜಿನ ಮೇಲೆ ಸಣ್ಣ ಎಮರಿ ಪೇಪರ್ ಹಾಸಿ ಅದನ್ನು ನಿಧಾನಕ್ಕೆ ತಿಕ್ಕಿ ಸಮ ಮಾಡಿದೆ, ಹೊಸ ಓ ರಿಂಗ್ ಹಾಕಿದೆ. ಪಟ್ ಪಟ್ ನಿಂತಿತು.

ಈಗಿನ ಪೆಟ್ರೋಲ್ ಬಗ್ಗೆಯೂ ಹೇಳಬೇಕು. ಶೇ 20 ಇಥೆನಾಲ್ ಬೆರೆಸಿದ ಪೆಟ್ರೋಲ್ ಮಾರಾಟ 2023ರ ಫೆಬ್ರವರಿಯಲ್ಲಿ ಶುರುವಾಯಿತು. ಇಥೆನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಅದೇ ಜೆಟ್‌ನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಗಾಳಿ ಸೋರುವ ಗಾಡಿಗೆ ಇದು ಗಾಯದ ಮೇಲೆ ಬರೆ. ಹಳೆ ರಬ್ಬರ್ ಪೈಪ್, ಓ ರಿಂಗ್‌ಗೂ ಇದು ಆಗಿಬರುವುದಿಲ್ಲ. ಇಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಂತರೆ ನೀರು ಬೇರೆಯಾಗಿ ತಳ ಸೇರುತ್ತದೆ. ಬಾಟಲಿಗೆ ಹಿಡಿದ ಪೆಟ್ರೋಲನ್ನು ಐದು ನಿಮಿಷ ಇಟ್ಟು ನೋಡಿ, ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸಿ. ನಿಂತಿರುವ ಗಾಡಿಯ ಕಾಕ್ ಮುಚ್ಚಿ, ಬಟ್ಟಲಿನ ಪೆಟ್ರೋಲ್ ಬಸಿದು ಇಡುವುದು ಒಳ್ಳೆ ಅಭ್ಯಾಸ.

ಏರ್ ಫಿಲ್ಟರ್ ಎಲ್ಲರಿಗೂ ಗೊತ್ತು, ಆದರೂ ತೊಗರಿ ರಾಶಿ ಮಾಡುವ ದಿನಗಳಲ್ಲಿ ಹಳ್ಳಿ ದಾರಿಯಲ್ಲಿ ಓಡಾಡುವವರು ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಕಾಯಬಾರದು. ಹೊಟ್ಟು, ಧೂಳು ಎರಡೂ ಸೇರಿ ಕಂಬಳಿಯ ಹಾಗೆ ಕೂರುತ್ತವೆ. ಫೋಮ್ ಆದರೆ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಒಂದೆರಡು ಹನಿ ಆಯಿಲ್ ಹಿಂಡಿ ಹಾಕಿ. ಪೇಪರ್ ಫಿಲ್ಟರ್ ತೊಳೆಯುವಂತಿಲ್ಲ, ಬದಲಿಸಬೇಕು.

ಸದ್ದು ಮಾಡದ ಟ್ಯಾಪೆಟ್

ಗಾಡಿ ತಣ್ಣಗಿದ್ದಾಗ ಒಂದೇ ಕಿಕ್‌ಗೆ ಸ್ಟಾರ್ಟ್, ಬಿಸಿಯಾದ ಮೇಲೆ ನಿಂತರೆ ಹತ್ತು ಕಿಕ್ ಹೊಡೆದರೂ ಏಳುವುದಿಲ್ಲ, ಪಿಕಪ್ ಕೂಡ ಕಡಿಮೆ. ಪೆಟ್ರೋಲ್ ಸರಿ, ಸ್ಪಾರ್ಕ್ ಸರಿ. ಆಗ ಎಂಜಿನ್‌ನ ವಾಲ್ವ್ ಒತ್ತಿ ತೆರೆಯುವ ಟ್ಯಾಪೆಟ್ ನೋಡಿ. ನಮ್ಮಲ್ಲಿ ಒಂದು ರೂಢಿ ಇದೆ. ಟ್ಯಾಪೆಟ್ ಟಿಕ್ ಟಿಕ್ ಅಂದರೆ "ಟೈಟ್ ಮಾಡ್ರಿ" ಅನ್ನುತ್ತೇವೆ. ಮಿಸ್ತ್ರಿ ಸದ್ದು ಹೋಗುವವರೆಗೆ ಬಿಗಿ ಮಾಡುತ್ತಾರೆ, ನಾವು ಖುಷಿಯಾಗಿ ಮನೆಗೆ ಬರುತ್ತೇವೆ. ಬಿಸಿಗೆ ವಾಲ್ವ್ ಉದ್ದವಾಗುತ್ತದೆ. ಟ್ಯಾಪೆಟ್‌ಗೂ ವಾಲ್ವ್‌ಗೂ ನಡುವೆ ಸಂದು ಇಲ್ಲದಿದ್ದರೆ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಕಂಪ್ರೆಶನ್ ಸೋರುತ್ತದೆ, ಕೊನೆಗೆ ಎಕ್ಸಾಸ್ಟ್ ವಾಲ್ವ್ ಸುಟ್ಟೇ ಹೋಗುತ್ತದೆ. ಹಲವು 100 ಸಿಸಿ ಗಾಡಿಗಳಲ್ಲಿ ಆ ಸಂದು 0.05 ಮಿ.ಮೀ. ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುವುದೇ ಕೊನೆ ಮಾತು. ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್‌ನಲ್ಲಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಹಾಕಿಯೇ ಅಳೆಯಬೇಕು. ಕಿವಿಯಿಂದ ಅಲ್ಲ. ಸಣ್ಣ ಟಿಕ್ ಟಿಕ್ ಇರಲಿ ಬಿಡಿ.

ಎಂಜಿನ್ ಬಿಚ್ಚುವ ಮಾತು ಬಂದರೆ ಅದಕ್ಕೂ ಮೊದಲು ಗಾಡಿಯನ್ನು ಮಧ್ಯದ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಿಂದ ತಿರುಗಿಸಿ. ಬ್ರೇಕ್ ಹಿಡಿದುಕೊಂಡಿದ್ದರೆ, ಚೈನ್ ಅತಿ ಬಿಗಿ ಇದ್ದರೆ ಅದೂ 'ಪಿಕಪ್ ಇಲ್ಲ' ಅಂತಲೇ ಕಾಣುತ್ತದೆ. ಎಂಜಿನ್ ಸದ್ದು ಏರಿದರೂ ಸ್ಪೀಡ್ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಓ ರಿಂಗ್ ಹಾಕಿ ಒಂದು ವಾರ ಬಿಟ್ಟು ನಾನು ಹೊಸ ಕಾಯಿಲ್, ಹೊಸ ಸಿಡಿಐ ಎರಡನ್ನೂ ಬಿಚ್ಚಿ ಹಳೆಯವನ್ನೇ ಹಾಕಿದೆ. ಸುಮ್ನೆ, ನೋಡೋಣ ಅಂತ. ಟ್ಯಾಂಕ್ ತುಂಬಿಸಿ ಸಂಜೆ ಏಳಕ್ಕೆ ಮಳಖೇಡ ಬಿಟ್ಟೆ. ಎಲ್ಲೂ ನಿಲ್ಲದೆ ಮನೆಗೆ ಬಂದೆ. ಮರುದಿನ ಆ ಎರಡು ಡಬ್ಬಿ ತೊಗೊಂಡು ಮಿಸ್ತ್ರಿ ಹತ್ತಿರ ಹೋದರೆ "ಹಾಕಿದ ಮಾಲ್ ವಾಪಸ್ ಇಲ್ರಿ" ಅಂದರು. ಈಗ ಅವು ಸೀಟಿನ ಕೆಳಗೆ, ಆ ಒಳ್ಳೆ ಪ್ಲಗ್ ಪಕ್ಕದಲ್ಲಿ ಕೂತಿವೆ.